ಅಸಲಿಗಿಂತ ಪ್ರಿಯವಾದ ಬಡ್ಡಿ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)





ಇಂತಹ ಸಭೆಗಳಲ್ಲಿ ಸಾಮಾನ್ಯವಾಗಿ ಪರೀಕ್ಷೆಯ ಫಲಿತಾಂಶ, ವಿದ್ಯಾರ್ಥಿವೇತನ, ಮುಂದಿನ ಕೋರ್ಸುಗಳು, ಇವುಗಳ ಬಗ್ಗೆ ಮಾತು ನಡೆಯುತ್ತದೆ. ಅವೆಲ್ಲ ಬೇಕಾದ ಮಾತುಗಳೇ. ಆದರೆ ನನಗೆ ಕೊಟ್ಟಿರುವ ವಿಷಯ 'ಕುಟುಂಬದಲ್ಲಿ ಮಕ್ಕಳು ಮತ್ತು ಮೊಮ್ಮಕ್ಕಳು'. ಕಾರ್ಯದರ್ಶಿಯವರು ಫೋನ್ ಮಾಡಿ, "ಮೇಡಂ, ಸ್ವಲ್ಪ ನಗಿಸಿ. ಕಳೆದ ವರ್ಷ ಅಂಕಿ ಅಂಶ ಕೇಳಿ ಕೇಳಿ ಹಿಂದಿನ ಸಾಲಿನವರು ನಿದ್ದೆ ಹೋಗಿದ್ದರು" ಎಂದರು. ನಗಿಸುವುದಕ್ಕೆ ನಾನು ಹಾಸ್ಯಗಾರ್ತಿಯಲ್ಲ, ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕಿ. ಆದರೆ ಎರಡು ಭಾಷೆಗಳ ನಡುವೆ ಮಕ್ಕಳನ್ನು ಬಿಟ್ಟರೆ ನಗು ತಾನಾಗಿಯೇ ಬರುತ್ತದೆ. ಆ ನಗುವಿನಿಂದಲೇ ಆರಂಭಿಸುತ್ತೇನೆ. ಕೊನೆಗೆ ನನ್ನದೇ ಒಂದು ತಪ್ಪನ್ನೂ ಹೇಳುತ್ತೇನೆ.

ಉರ್ದುವಿನಲ್ಲಿ 'ಕಲ್' ಎಂದರೆ ನಿನ್ನೆಯೂ ಹೌದು, ನಾಳೆಯೂ ಹೌದು. ಕನ್ನಡದಲ್ಲಿ ಹಾಗಲ್ಲ. ಒಂದು ದಿನ ನಾಲ್ಕನೇ ತರಗತಿಯ ಹುಡುಗ ಬಂದು, "ಟೀಚರ್, ನಿನ್ನೆ ನಮ್ಮ ಮನೆಯಲ್ಲಿ ಮದುವೆ ಇದೆ, ರಜೆ ಕೊಡಿ" ಎಂದ. "ನಿನ್ನೆ ಆದ ಮದುವೆಗೆ ಈಗ ಏಕಪ್ಪಾ ರಜೆ?" ಎಂದೆ. "ಮದುವೆ ಇನ್ನೂ ಆಗಿಲ್ಲ ಟೀಚರ್, ನಿನ್ನೆ ಆಗುತ್ತದೆ" ಎಂದು ನನಗೇ ತಿಳಿಹೇಳಿದ!

ಮತ್ತೊಮ್ಮೆ ಹೊಸದಾಗಿ ಸೇರಿದ ಪುಟ್ಟ ಹುಡುಗಿಯನ್ನು ನಮ್ಮ ಸಹೋದ್ಯೋಗಿಯೊಬ್ಬರು ಕೇಳಿದರು. ಅವರಿಗೆ ಉರ್ದು ಬಾರದು.

"ನಿನ್ನನ್ನು ಶಾಲೆಗೆ ಯಾರು ಕರೆದುಕೊಂಡು ಬಂದರು?"

"ನಾನಾ."

"ಹೌದಮ್ಮ, ನಿನ್ನನ್ನೇ ಕೇಳಿದ್ದು. ಯಾರು ಕರೆದುಕೊಂಡು ಬಂದರು?"

"ನಾನಾ!"

"ನೀನೇ ಮಗು, ನೀನೇ!"

ಆ ಮಗು ಅಳಲು ಶುರು ಮಾಡಿತು. ಅಷ್ಟರಲ್ಲಿ ಗೇಟಿನ ಹತ್ತಿರ ನಿಂತಿದ್ದ ತಾಯಿಯ ತಂದೆ, ಅಂದರೆ ನಿಜವಾದ 'ನಾನಾ', ಕೋಲು ಊರಿಕೊಂಡು ಓಡಿ ಬಂದರು. ವಿಷಯ ತಿಳಿದು ಎಲ್ಲರೂ ನಕ್ಕರು. ಹೆಚ್ಚು ನಕ್ಕವರು ಆ ಅಜ್ಜನೇ.

ಸಹೋದರ ಸಹೋದರಿಯರೇ, ಅಜ್ಜ ಅಜ್ಜಿಯರ ಈ ನಗುವನ್ನು ನೀವು ಗಮನಿಸಿದ್ದೀರಾ? ನಮ್ಮ ಮೊಹಲ್ಲಾದಲ್ಲಿ ಒಬ್ಬ ನಿವೃತ್ತ ನೌಕರರಿದ್ದಾರೆ. ಅವರ ಮಕ್ಕಳು ಚಿಕ್ಕವರಿದ್ದಾಗ, ಸಂಜೆ ತಂದೆಯ ಚಪ್ಪಲಿ ಸದ್ದು ಕೇಳಿದರೆ ಸಾಕು, ಮೂವರೂ ಪುಸ್ತಕ ಹಿಡಿಯುತ್ತಿದ್ದರಂತೆ. ಪುಸ್ತಕ ತಲೆಕೆಳಗಾಗಿದ್ದರೂ ಸರಿ! ಈಗ ಅದೇ ಮನೆಯಲ್ಲಿ ಮೊಮ್ಮಗ ಅದೇ ಚಪ್ಪಲಿಗಳನ್ನು ಹಾಕಿಕೊಂಡು, ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡು, ಅಜ್ಜನ ಎದುರಿಗೇ ಅಜ್ಜನ ನಡಿಗೆಯನ್ನು ನಕಲು ಮಾಡುತ್ತಾನೆ. ಅಜ್ಜ ಕುರ್ಚಿಯಲ್ಲಿ ಕುಳಿತು ಕಣ್ಣೀರು ಬರುವಷ್ಟು ನಗುತ್ತಾರೆ. "ಅಬ್ಬಾ, ನಾವು ಹೀಗೆ ಮಾಡಿದ್ದರೆ ನಮ್ಮ ಗತಿ ಏನಾಗುತ್ತಿತ್ತು?" ಎಂದು ಮಗ ಕೇಳಿದ್ದಕ್ಕೆ ಅವರು ಕೊಟ್ಟ ಉತ್ತರವನ್ನು ನಾನು ಮರೆಯಲಾರೆ. ಅಸಲಿಗಿಂತ ಬಡ್ಡಿಯೇ ಪ್ರಿಯ ಎಂಬ ಗಾದೆ ನಮ್ಮಲ್ಲಿದೆ. ಅದನ್ನು ನೆನಪಿಸಿ ಅವರು, "ನೋಡಪ್ಪಾ, ಬಡ್ಡಿ ಹರಾಮ್ ಎಂದು ಜೀವಮಾನವಿಡೀ ಬ್ಯಾಂಕಿನ ಬಡ್ಡಿ ಮುಟ್ಟಲಿಲ್ಲ. ಅಲ್ಲಾಹನು ನನಗೆ ಕೊಟ್ಟ ಹಲಾಲ್ ಬಡ್ಡಿ ಇದೊಂದೇ!" ಎಂದರು.

ಮಕ್ಕಳೊಡನೆ ನಕ್ಕರೆ ಗೌರವ ಕಡಿಮೆಯಾಗುತ್ತದೆ ಎಂಬ ಭಾವನೆ ಕೆಲವು ಹಿರಿಯರಲ್ಲಿದೆ. ಅಂತಹವರು ಪ್ರವಾದಿ ಮುಹಮ್ಮದ್(ಸ)ರವರ ಜೀವನವನ್ನು ನೋಡಬೇಕು. ಅವರು ಮಗಳು ಝೈನಬ್(ರ)ರವರ ಪುಟ್ಟ ಮಗಳು ಉಮಾಮಾಳನ್ನು ಎತ್ತಿಕೊಂಡೇ ನಮಾಝ್ ನಿರ್ವಹಿಸಿದರು. ಸಜ್ದಾಕ್ಕೆ ಹೋಗುವಾಗ ಕೆಳಗಿಳಿಸುತ್ತಿದ್ದರು, ಎದ್ದಾಗ ಮತ್ತೆ ಎತ್ತಿಕೊಳ್ಳುತ್ತಿದ್ದರು. ಒಮ್ಮೆ ಮೊಮ್ಮಗ ಹಸನ್(ರ)ರನ್ನು ಮುದ್ದಿಸುತ್ತಿದ್ದಾಗ ಅಲ್ಲಿದ್ದ ಅಕ್ರಅ್ ಬಿನ್ ಹಾಬಿಸ್ ಎಂಬ ಗೋತ್ರ ನಾಯಕರು, ತಮಗೆ ಹತ್ತು ಮಕ್ಕಳಿದ್ದರೂ ಒಬ್ಬರನ್ನೂ ಮುತ್ತಿಟ್ಟಿಲ್ಲ ಎಂದು ಹೇಳಿಕೊಂಡರು. ಕರುಣೆ ತೋರದವನಿಗೆ ಕರುಣೆ ಸಿಗದು ಎಂಬ ಅರ್ಥದ ಉತ್ತರ ಅವರಿಗೆ ದೊರೆಯಿತು. ಅನಸ್(ರ)ರವರ ಪುಟ್ಟ ತಮ್ಮ ಅಬೂ ಉಮೈರ್ ಒಂದು ಚಿಕ್ಕ ಹಕ್ಕಿಯೊಡನೆ ಆಡುತ್ತಿದ್ದ. ಪ್ರವಾದಿ(ಸ)ರವರು ಆ ಹುಡುಗನ ಹೆಸರಿಗೆ ಪ್ರಾಸವಾಗುವಂತೆ ಹಕ್ಕಿಯ ಹೆಸರನ್ನು ಸೇರಿಸಿ ಅದರ ಕ್ಷೇಮ ವಿಚಾರಿಸುತ್ತಿದ್ದರು. ಒಂದು ಸಮುದಾಯದ ಹೊಣೆ ಹೊತ್ತವರಿಗೆ ಒಂದು ಮಗುವಿನ ಹಕ್ಕಿಯ ಯೋಗಕ್ಷೇಮ ಕೇಳಲು ಸಮಯವಿತ್ತು. ನಮಗೆ ಇಲ್ಲವೇ?

ನಮ್ಮ ವಿದ್ಯಾರ್ಥಿಗಳು ಮಿರ್ಝಾ ಗಾಲಿಬ್ ಎಂದರೆ ಕಷ್ಟದ ಪಾಠ ಎಂದು ಹೆದರುತ್ತಾರೆ. ಆ ಕವಿಯ ಮನೆಯನ್ನೊಮ್ಮೆ ನೋಡಿ. ಗಾಲಿಬರಿಗೆ ಏಳು ಮಕ್ಕಳು ಹುಟ್ಟಿದರು, ಒಂದೂ ಬದುಕಿ ಉಳಿಯಲಿಲ್ಲ. ಪತ್ನಿ ಉಮರಾವ್ ಬೇಗಂರವರ ಅಕ್ಕತಂಗಿಯ ಮಗ ಆರಿಫ್ 1852ರಲ್ಲಿ ತೀರಿಕೊಂಡಾಗ ಅವರ ಪುಟ್ಟ ಗಂಡು ಮಕ್ಕಳನ್ನು ಗಾಲಿಬ್ ತಮ್ಮ ಮನೆಗೆ ತಂದುಕೊಂಡರು. ಆ ಮಕ್ಕಳು ಮಣ್ಣಿನ ಕಾಲಲ್ಲಿ ಹಾಸಿಗೆ ತುಳಿಯುವುದನ್ನೂ ನೀರು ಚೆಲ್ಲುವುದನ್ನೂ ಅವರು ಒಂದು ಪತ್ರದಲ್ಲಿ ಬರೆದಿದ್ದಾರೆ. ದೂರಿನಂತೆ ಕಾಣುವ ಆ ಮಾತಿನಲ್ಲಿ ತುಂಬಿರುವುದು ಪ್ರೀತಿ. ಆ ಮಕ್ಕಳಿಗೆ ಪದಗಳನ್ನು ಕಲಿಸಲು ಅವರು ಬರೆದದ್ದೆನ್ನುವ ಪುಸ್ತಕವೇ 'ಖಾದಿರ್ ನಾಮಾ'. ಪಾರಸಿ, ಅರಬಿ ಶಬ್ದಗಳಿಗೆ ಉರ್ದು ಅರ್ಥವನ್ನು ಪದ್ಯದಲ್ಲಿ ಹೇಳುವ ಚಿಕ್ಕ ನಿಘಂಟು ಅದು. ಅಷ್ಟು ದೊಡ್ಡ ಕವಿ ಮನೆಯ ಮಕ್ಕಳಿಗಾಗಿ ಮೇಷ್ಟ್ರಾದರು.

ಮನೆಯ ಅಜ್ಜಿಯರೂ ಇಂತಹ ಮೇಷ್ಟ್ರುಗಳೇ. ಬಿ.ಎಡ್. ಓದುವಾಗ ನಾನು ಪಿಯಾಜೆ ಎಂಬ ಮನಶ್ಶಾಸ್ತ್ರಜ್ಞನ ಸಿದ್ಧಾಂತವನ್ನು ಕಂಠಪಾಠ ಮಾಡಿದ್ದೆ. ಅಗಲವಾದ ಲೋಟದ ನೀರನ್ನು ಉದ್ದನೆಯ ಕಿರಿದಾದ ಲೋಟಕ್ಕೆ ಸುರಿದರೆ ನೀರು ಹೆಚ್ಚಾಯಿತು ಎಂದು ಚಿಕ್ಕ ಮಗು ನಂಬುತ್ತದೆ ಎಂಬುದು ಅವನ ಪ್ರಸಿದ್ಧ ಪ್ರಯೋಗ. ಪರೀಕ್ಷೆಯಲ್ಲಿ ಅದಕ್ಕೆ ಹತ್ತು ಅಂಕವೂ ಬಂತು. ಮದುವೆಯಾಗಿ ಬಂದ ಮೇಲೆ ನೋಡಿದರೆ, ಶಾಲೆಯ ಮೆಟ್ಟಿಲು ಹತ್ತದ ನನ್ನ ಅತ್ತೆ, ಹಾಲು ಸಾಲದು ಎಂದು ಹಟ ಮಾಡುವ ಮೊಮ್ಮಗನಿಗೆ ಅದೇ ಹಾಲನ್ನು ಉದ್ದನೆಯ ಲೋಟಕ್ಕೆ ಸುರಿದು ಕೊಡುತ್ತಿದ್ದರು. ಅವನು ಗೆದ್ದೆನೆಂದು ಕುಡಿಯುತ್ತಿದ್ದ. ಪಿಯಾಜೆಯ ಹೆಸರು ನನ್ನ ಅತ್ತೆಗೆ ಗೊತ್ತಿರಲಿಲ್ಲ, ಅಷ್ಟೇ.

ಈಗ ನಾನು ಹೇಳಬೇಕಾದ ತಪ್ಪಿನ ವಿಷಯಕ್ಕೆ ಬರುತ್ತೇನೆ.

ನನ್ನ ಮಗಳಿಗೆ ನಾಲ್ಕು ವರ್ಷ, ನಾಲ್ಕು ತಿಂಗಳು, ನಾಲ್ಕು ದಿನ ತುಂಬಿದಾಗ ಸಂಪ್ರದಾಯದಂತೆ ಬಿಸ್ಮಿಲ್ಲಾ ಮಾಡಿಸಿದೆವು. ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಮೊದಲ ಅಕ್ಷರ ಹೇಳಿಸಿದವರು ಅವಳ ದಾದಿ. ಅಲ್ಲಿಂದ ಎರಡು ವರ್ಷ ಇಬ್ಬರೂ ಒಂದೇ ಹಾಸಿಗೆ. ರಾಜಕುಮಾರಿ, ಜಿನ್ನು, ಮಾತನಾಡುವ ಗಿಳಿ, ಒಂದೇ ಕಥೆ ಮೂವತ್ತು ಸಲ. ಒಂದು ಮಾತು ಬದಲಾದರೂ ಮಗಳು ತಿದ್ದುತ್ತಿದ್ದಳು: "ನಕ್ಕೊ ದಾದಿ, ಗಿಳಿ ಹಾಗೆ ಹೇಳಲಿಲ್ಲ!" ನಮ್ಮ ದಖ್ನಿಯ ಈ 'ನಕ್ಕೊ', 'ಹೌ', 'ಕೈಕು' ಎಂಬ ಮಾತುಗಳೆಲ್ಲ ಆ ಹಾಸಿಗೆಯ ಮೇಲೆ ಅವಳ ಬಾಯಿಗೆ ಬಂದವು.

ನಂತರ ಅವಳನ್ನು ಇಂಗ್ಲಿಷ್ ಮಾಧ್ಯಮ ಶಾಲೆಗೆ ಸೇರಿಸಿದೆವು. ಮೊದಲ ಪೋಷಕರ ಸಭೆಯಲ್ಲಿ, ಮನೆಯಲ್ಲಿ ಇಂಗ್ಲಿಷಿನಲ್ಲೇ ಮಾತನಾಡಿಸಿ, ಇಲ್ಲದಿದ್ದರೆ ಮಗು ಹಿಂದೆ ಬೀಳುತ್ತದೆ ಎಂದು ಹೇಳಿದರು. ನಾನು ಹೆದರಿದೆ. ಹಗಲೆಲ್ಲ ಉರ್ದು ಕನ್ನಡ ಕಲಿಸಿ ಸಂಬಳ ಪಡೆಯುವ ನಾನು, ಸಂಜೆ ಮನೆಗೆ ಬಂದು ಕಾನೂನು ಮಾಡಿದೆ: "ಇನ್ನು ಮುಂದೆ ಮನೆಯಲ್ಲಿ ದಖ್ನಿ ಬೇಡ." ಅತ್ತೆಯವರು ಏನೂ ಹೇಳಲಿಲ್ಲ. ಅವರಿಗೆ ಬರುತ್ತಿದ್ದುದು ದಖ್ನಿ ಮತ್ತು ಸಂತೆಯ ಕನ್ನಡ, ಎರಡೇ. ಗುಲ್ಬರ್ಗದ ಹಾಸ್ಯಕವಿ ಸುಲೈಮಾನ್ ಖತೀಬರು ದಖ್ನಿಯಲ್ಲಿ ಅತ್ತೆ ಸೊಸೆಯರ ಜಗಳ ಬರೆದು ಸಭೆಗಳನ್ನು ನಗಿಸಿದರು. ನಮ್ಮ ಮನೆಯಲ್ಲಿ ಜಗಳ ಆಗಲಿಲ್ಲ. ಜಗಳವಾಗಿದ್ದರೆ ಒಳ್ಳೆಯದಿತ್ತು. ಮೌನವಾಯಿತು. ರಾತ್ರಿಯ ಕಥೆ ನಿಂತಿತು. ಮಗಳು ನಮ್ಮ ಕೋಣೆಗೆ ಬಂದಳು, ದಾದಿಯ ಹಾಸಿಗೆ ಹಾಲ್‌ನಲ್ಲಿ ಒಂಟಿಯಾಯಿತು. ಅತ್ತೆಗೆ ವಯಸ್ಸಾಯಿತು, ಅದಕ್ಕೇ ಮಾತು ಕಡಿಮೆಯಾಗಿದೆ ಎಂದು ನಾನು ಸಮಾಧಾನ ಹೇಳಿಕೊಂಡೆ. ಹೀಗೆ ಎರಡು ವರ್ಷ ಕಳೆಯಿತು.

ಒಮ್ಮೆ ಐದನೇ ತರಗತಿಯ ಕನ್ನಡ ಪೀರಿಯಡ್‌ನಲ್ಲಿ 'ನನ್ನ ಅಜ್ಜಿ' ಎಂಬ ವಿಷಯದ ಮೇಲೆ ಐದು ವಾಕ್ಯ ಬರೆಯಲು ಹೇಳಿದೆ. ಉರ್ದುವಿನಲ್ಲಿ ತಲೆಕೂದಲಿಗೆ 'ಬಾಲ್' ಎನ್ನುತ್ತಾರೆ, ಅದು ನಿಮಗೆ ಗೊತ್ತು. ಒಬ್ಬ ಹುಡುಗ ಬರೆದದ್ದು ಹೀಗಿತ್ತು:

"ನನ್ನ ದಾದಿಗೆ ಉದ್ದ ಬಾಲ ಇದೆ. ಬಾಲ ಬೆಳ್ಳಗೆ ಇದೆ. ದಾದಿ ದಿನಾ ಬಾಲಕ್ಕೆ ಎಣ್ಣೆ ಹಚ್ಚುತ್ತಾಳೆ. ಹಬ್ಬಕ್ಕೆ ಬಾಲಕ್ಕೆ ಮೆಹಂದಿ ಹಚ್ಚುತ್ತಾಳೆ. ರಾತ್ರಿ ದಾದಿ ಕಥೆ ಹೇಳುವಾಗ ನಾನು ಬಾಲ ಹಿಡಿದುಕೊಂಡು ಮಲಗುತ್ತೇನೆ."

ಶಿಕ್ಷಕರ ಕೊಠಡಿಯಲ್ಲಿ ಓದಿ ಹೇಳಿದೆ, ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮನೆಯಲ್ಲೂ ಓದಿ ಹೇಳಿದೆ. ಅತ್ತೆಯವರು ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕರು. ಅವರು ಹಾಗೆ ನಕ್ಕು ಎಷ್ಟು ದಿನವಾಗಿತ್ತೋ! ಆ ಉತ್ಸಾಹದಲ್ಲಿ ನಾನು ಮಗಳಿಗೆ, "ನೀನೂ ದಾದಿಯ ಬಗ್ಗೆ ಐದು ವಾಕ್ಯ ಬರಿ ನೋಡೋಣ" ಎಂದೆ. ಅವಳು ಇಂಗ್ಲಿಷಿನಲ್ಲಿ ದುಂಡಾಗಿ ಬರೆದು ತಂದಳು. ವ್ಯಾಕರಣದ ಒಂದು ತಪ್ಪೂ ಇರಲಿಲ್ಲ. ಅಜ್ಜಿಯ ವಯಸ್ಸು ಇತ್ತು, ಕನ್ನಡಕ ಇತ್ತು, ನಮಾಝ್ ಇತ್ತು. ನಾಲ್ಕನೇ ವಾಕ್ಯದ ಅರ್ಥ ಹೀಗಿತ್ತು: ನನ್ನ ಅಜ್ಜಿ ಮಾತನಾಡುವುದಿಲ್ಲ.

ಆ ಹುಡುಗನ ಐದು ವಾಕ್ಯಗಳಲ್ಲೂ ತಪ್ಪಿತ್ತು. ಆದರೆ ಅವನಿಗೆ ಅಜ್ಜಿ ಇದ್ದಳು. ನನ್ನ ಮಗಳ ವಾಕ್ಯಗಳಲ್ಲಿ ತಪ್ಪಿರಲಿಲ್ಲ. ಅಜ್ಜಿ ಇರಲಿಲ್ಲ. ಅಜ್ಜಿ ಅದೇ ಮನೆಯಲ್ಲಿ, ಹತ್ತು ಅಡಿ ದೂರದಲ್ಲಿ ಕುಳಿತಿದ್ದರೂ ಇರಲಿಲ್ಲ.

ಆ ರಾತ್ರಿ ನಾನು ಅತ್ತೆಯವರ ಹತ್ತಿರ ಹೋಗಿ, "ಅಮ್ಮಾ, ಮಗುವಿಗೆ ಮೊದಲಿನ ಹಾಗೆ ಕಥೆ ಹೇಳಿ" ಎಂದೆ. ಅವರು ಕೋಪದಿಂದಲ್ಲ, ನಿಜವಾದ ಕಾಳಜಿಯಿಂದ ಹೇಳಿದರು: "ನಕ್ಕೊ ಮಾ, ಬಚ್ಚಿಯ ಇಂಗ್ಲಿಷ್ ಕೆಟ್ಟುಹೋಗುತ್ತದೆ." ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನನ್ನದೇ ಮಾತು ತಿರುಗಿ ಬಂದದ್ದನ್ನು ತಡೆಯಲಾಗಲಿಲ್ಲ. ತಮ್ಮ ಮಾತು ಮೊಮ್ಮಗಳಿಗೆ ಹಾನಿ ಮಾಡುತ್ತದೆ ಎಂದು ಆ ಹಿರಿಯ ಜೀವ ನಂಬಿಬಿಟ್ಟಿತ್ತು. ನಂಬಿಸಿದವಳು ನಾನು.

ಒಮ್ಮೆ ಮುಚ್ಚಿದ ಬಾಗಿಲು ನಾವು ತಳ್ಳಿದ ತಕ್ಷಣ ತೆರೆಯುವುದಿಲ್ಲ. ಅದನ್ನು ತೆರೆದವಳು ಮಗಳೇ. ಆ ವರ್ಷದ ರಮಝಾನಿನಲ್ಲಿ ತಾನೂ ರೋಝಾ ಇಡುತ್ತೇನೆಂದು ಹಟ ಹಿಡಿದಳು. ಮಧ್ಯಾಹ್ನದ ಹೊತ್ತಿಗೆ ಮುಖ ಬಾಡಿತು. ಊಟ ಮಾಡು ಎಂದರೆ ರೋಝಾ ಮುರಿಯುತ್ತದೆಂದು ಅಳು. ಕೊನೆಗೆ ದಾದಿಯೇ ಎದ್ದು ಬಂದರು. ಹಿಂದಿನವರು ಚಿಕ್ಕ ಮಕ್ಕಳಿಗೆ ಹೇಳುತ್ತಿದ್ದ ಉಪಾಯ ಹೇಳಿದರು: "ನಿನ್ನ ರೋಝಾವನ್ನು ಈ ನೀರಿನ ಮಡಕೆಯಲ್ಲಿ ಇಡು, ಊಟ ಮಾಡು, ಆಮೇಲೆ ತೆಗೆದುಕೋ." ಮಗಳು ಎರಡೂ ಕೈಗಳಿಂದ ಜೋಪಾನವಾಗಿ ರೋಝಾವನ್ನು ಮಡಕೆಗೆ ಇಳಿಸಿ, ಮುಚ್ಚಳ ಮುಚ್ಚಿ, ಊಟ ಮಾಡಿ ಮಲಗಿದಳು. ತೆಗೆದುಕೊಳ್ಳುವುದನ್ನು ಮರೆತಳು. ಮಗ್ರಿಬ್‌ನ ಅಝಾನ್ ಆಯಿತು. ಖರ್ಜೂರ ಬಾಯಿಗಿಟ್ಟ ಅವಳ ದೊಡ್ಡಪ್ಪನ ಮಗ ಅದೇ ಮಡಕೆಯಿಂದ ಲೋಟ ತುಂಬಿಕೊಂಡು ಗಟಗಟ ಕುಡಿದುಬಿಟ್ಟ. ಆಗ ನನ್ನ ಮಗಳು ಕೂಗಿದ ಕೂಗು ಪಕ್ಕದ ಮನೆಗೂ ಕೇಳಿಸಿತು:

"ದಾದೀ! ಭಯ್ಯಾ ಮೇರಾ ರೋಝಾ ಪೀಲಿಯಾ!"

ದಾದಿ, ಅಣ್ಣ ನನ್ನ ರೋಝಾ ಕುಡಿದುಬಿಟ್ಟ! ಎರಡು ವರ್ಷಗಳ ನಂತರ ಅವಳ ಬಾಯಿಂದ ಬಂದ ಮೊದಲ ಪೂರ್ತಿ ದಖ್ನಿ ವಾಕ್ಯ ಅದು. ಅಳು ಬಂದಾಗ ಅವಳು ಕರೆದದ್ದು ನನ್ನನ್ನಲ್ಲ, ದಾದಿಯನ್ನು. ಅವಳಿಗೆ ಆಗ ನೆನಪಾದದ್ದು ಇಂಗ್ಲಿಷಲ್ಲ, ದಾದಿಯ ಮಾತು. ಇಫ್ತಾರ್ ಬಿಟ್ಟು ಎಲ್ಲರೂ ನಕ್ಕೆವು. ದಾದಿ ಅವಳನ್ನು ತೊಡೆಗೆ ಎಳೆದುಕೊಂಡು, ಎರಡು ವರ್ಷದ ಮಾತನ್ನೆಲ್ಲ ಒಮ್ಮೆಗೇ ಸುರಿಯುವವರಂತೆ ಸಮಾಧಾನ ಮಾಡಿದರು. ಅಲ್ಲಾಹನ ಲೆಕ್ಕದಲ್ಲಿ ತಪ್ಪಾಗುವುದಿಲ್ಲ, ಯಾರ ರೋಝಾ ಯಾರ ಹೊಟ್ಟೆಯಲ್ಲಿದೆ ಎಂದು ಅವನಿಗೆ ಗೊತ್ತು ಎಂದರು. ಆ ರಾತ್ರಿ ಮಗಳು ದಿಂಬು ಎತ್ತಿಕೊಂಡು ಹಾಲ್‌ಗೆ ಹೋದಳು. ನಾನು ತಡೆಯಲಿಲ್ಲ.

ನಾನು ಇಂಗ್ಲಿಷ್ ಬೇಡವೆನ್ನುತ್ತಿಲ್ಲ. ನನ್ನ ಮಗಳು ಈಗಲೂ ಅದೇ ಶಾಲೆಯಲ್ಲಿ ಓದುತ್ತಾಳೆ, ಚೆನ್ನಾಗಿಯೇ ಓದುತ್ತಾಳೆ. ಮನೆಮಾತಿನಿಂದ ಇನ್ನೊಂದು ಭಾಷೆ ಕೆಡುವುದಿಲ್ಲ ಎಂಬುದಷ್ಟೇ ನನ್ನ ಮಾತು. 2025ರಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಪ್ರಶಸ್ತಿ ಪಡೆದ ಹಾಸನದ ಬಾನು ಮುಷ್ತಾಕ್‌ರವರನ್ನು ನೋಡಿ. ಮನೆಯಲ್ಲಿ ದಖ್ನಿ ಉರ್ದು. ಎಂಟನೇ ವಯಸ್ಸಿನಲ್ಲಿ ಶಿವಮೊಗ್ಗದ ಕನ್ನಡ ಶಾಲೆಗೆ ಸೇರುವಾಗ ಆರು ತಿಂಗಳಲ್ಲಿ ಕನ್ನಡ ಓದು ಬರಹ ಕಲಿಯಬೇಕೆಂಬ ಷರತ್ತಿತ್ತು. ಅವರು ಕೆಲವೇ ದಿನಗಳಲ್ಲಿ ಕಲಿತರು. ಮುಂದೆ ಆ ಕನ್ನಡದ ಕಥೆಗಳೇ ದೀಪಾ ಭಾಸ್ತಿಯವರ ಅನುವಾದದಲ್ಲಿ ಜಗತ್ತನ್ನು ತಲುಪಿದವು. ನಮ್ಮ ಸಂವಿಧಾನವೂ 350ಎ ವಿಧಿಯಲ್ಲಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕೆಂದು ಹೇಳುತ್ತದೆ. ಸಂವಿಧಾನ ಶಾಲೆಯಲ್ಲಿ ಕೊಡಬೇಕೆಂದದ್ದನ್ನು ನಾವು ಮನೆಯಲ್ಲೇ ಕಿತ್ತುಕೊಂಡರೆ ಯಾರನ್ನು ದೂರೋಣ?

ಸಂಘದ ಹಿರಿಯರಲ್ಲಿ ನನ್ನದೊಂದು ವಿನಂತಿ. ನಮ್ಮ ಪ್ರಾಥಮಿಕ ಶಾಲೆಗಳಲ್ಲಿ ಶನಿವಾರ ಅರ್ಧ ಗಂಟೆ ಬಿಡುವು ಮಾಡಿ, ಮಕ್ಕಳ ಅಜ್ಜ ಅಜ್ಜಿಯರನ್ನು ಸರದಿಯಂತೆ ಕಥೆ ಹೇಳಲು ಕರೆಯಿರಿ. ಖರ್ಚು ಒಂದು ಕುರ್ಚಿ ಮತ್ತು ಒಂದು ಲೋಟ ಚಹಾ. ಓದು ಬಾರದ ಅಜ್ಜಿ ಶಾಲೆಯ ಕುರ್ಚಿಯಲ್ಲಿ ಕುಳಿತದ್ದನ್ನು ಮೊಮ್ಮಗು ಒಮ್ಮೆ ನೋಡಲಿ. ಆ ಅಜ್ಜಿಗೂ ಆ ಮಗುವಿಗೂ ಅದು ಮರೆಯದ ದಿನವಾಗುತ್ತದೆ.

ತಾಯಂದಿರಲ್ಲಿ ವಿನಂತಿ: ಹೋಂವರ್ಕ್ ಮುಗಿದ ಮೇಲೆ ಮಗುವನ್ನು ಟಿ.ವಿ., ಮೊಬೈಲ್‌ಗಳ ಮುಂದೆ ಕೂರಿಸುವ ಬದಲು ಹಿರಿಯರ ಮಂಚದ ಮೇಲೆ ಕೂರಿಸಿ. ಅವರು ಮಾತನಾಡುವ ಭಾಷೆಯನ್ನು ತಿದ್ದಬೇಡಿ.

ವಿದ್ಯಾರ್ಥಿಗಳೇ, ನಿಮಗೆ ನಾನು ಶಿಕ್ಷಕಿ, ಆದ್ದರಿಂದ ಮನೆಗೆಲಸ ಕೊಡದೆ ಬಿಡುವುದಿಲ್ಲ. ಇಂದು ರಾತ್ರಿ ದಾದಾ, ದಾದಿ, ನಾನಾ, ನಾನಿ, ಯಾರಿದ್ದಾರೋ ಅವರ ಹತ್ತಿರ ಹೋಗಿ ಒಂದೇ ಪ್ರಶ್ನೆ ಕೇಳಿ: "ನಮ್ಮ ಅಬ್ಬಾ ಚಿಕ್ಕವರಿದ್ದಾಗ ಮಾಡಿದ ದೊಡ್ಡ ತುಂಟತನ ಯಾವುದು?" ಉತ್ತರವನ್ನು ಬರೆದಿಡಿ. ಯಾವ ಭಾಷೆಯಲ್ಲಾದರೂ ಬರೆಯಿರಿ, ತಪ್ಪಿದ್ದರೂ ಪರವಾಗಿಲ್ಲ. ಅದನ್ನು ಅಬ್ಬಾರವರಿಗೆ ತೋರಿಸುವ ಧೈರ್ಯ ನಿಮಗೆ ಬಿಟ್ಟದ್ದು!

ನನ್ನ ಮಗಳು ಇತ್ತೀಚೆಗೆ ದಾದಿಯ ಬಗ್ಗೆ ಮತ್ತೊಮ್ಮೆ ಬರೆದಳು. ಈ ಸಲ ಕನ್ನಡದಲ್ಲಿ, ತಾನಾಗಿಯೇ. ಕಾಗುಣಿತದ ತಪ್ಪುಗಳು ಏಳು. ಮೊದಲ ವಾಕ್ಯ: "ನನ್ನ ದಾದಿ ತುಂಬಾ ಮಾತನಾಡುತ್ತಾಳೆ, ನಿಲ್ಲಿಸುವುದೇ ಇಲ್ಲ." ಕೆಂಪು ಪೆನ್ನು ಕೈಯಲ್ಲೇ ಇತ್ತು. ಒಂದು ತಪ್ಪನ್ನೂ ತಿದ್ದದೆ ಪೂರ್ಣ ಅಂಕ ಕೊಟ್ಟೆ.

ನಮ್ಮ ಮನೆಗಳ ಹಿರಿಯರಿಗೆ ಆರೋಗ್ಯವನ್ನೂ, ನಮ್ಮ ಮಕ್ಕಳಿಗೆ ವಿದ್ಯೆಯನ್ನೂ, ಇಬ್ಬರ ನಡುವೆ ನಗುವನ್ನೂ ಅಲ್ಲಾಹನು ದಯಪಾಲಿಸಲಿ. ಆಮೀನ್.